ಫೌಜದಾರರ ಖಾಲಿ ಕುರ್ಚಿ

ಸೀರೆ ನೇಯುವ ಗುರುಸಿದ್ದವ್ವನ ಮನೆಗೆ ಮಗ್ಗದ ಕೆಲಸ ಕಲಿಯಲು ಪೋಲೆಂಡ್ ದೇಶದ ಹೆಣ್ಣುಮಗಳೊಬ್ಬಳು ಬಂದಿಳಿದಳು. ಪರದೇಶದವರು ಮನೆಯಲ್ಲಿ ಉಳಿದರೆ ಇಪ್ಪತ್ತನಾಲ್ಕು ತಾಸಿನೊಳಗೆ ಪೊಲೀಸರಿಗೆ ತಿಳಿಸಬೇಕು. ಗುರುಸಿದ್ದವ್ವ ಅತಿಥಿಯನ್ನು ಮೈದುನನ ಹೆಂಡತಿಗೆ ಒಪ್ಪಿಸಿ ಮೂರನೇ ತಾಸಿಗೇ ಠಾಣೆಗೆ ಹೋದಳು. ಫೌಜದಾರರ ಕುರ್ಚಿ ಖಾಲಿ. ಸಂಜೆಯವರೆಗೆ ಕಾದು ಮರಳಿದಳು. ಮರುದಿನ ಅವರಿಗೆ ರಜೆ.

ಮೂರನೇ ದಿನ ಸಿಕ್ಕ ಫೌಜದಾರರು, ಪರದೇಶದ ಅತಿಥಿ ಬಂದು ಎರಡು ದಿನವಾಯಿತೆಂದು ಕೇಳಿದ್ದೇ, ಯಾವ ಮನೆಯವಳೆಂದೂ ವಿಚಾರಿಸದೆ ಮೇಜು ಗುದ್ದಿದರು. "ಏನವಾ, ಎರಡು ದಿನ ಸುದ್ದಿ ಮುಚ್ಚಿಟ್ಟಿ? ಕೇಸ್ ಹಾಕ್ತೀನಿ. ಆಕೀನ್ನ ಇವತ್ತ ಊರು ಬಿಡಸ್ತೀನಿ!"

ಗುರುಸಿದ್ದವ್ವ ಕೈಮುಗಿದಳು. "ಮೊದಲನೇ ದಿನಾನ ಬಂದಿದ್ನಿರಿ ಸಾಹೇಬ್ರ. ನೀವು ಇರಲಿಲ್ಲ."

"ಸುಳ್ಳು! ನಾ ಎಲ್ಲಿಗೆ ಹೋಗಿದ್ದೆ, ಹೇಳು ನೋಡೋಣು?"

"ನಮ್ಮ ಮನಿಗೇ ರೀ."

ಆಕೆ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟಳು. ಊರಿನ ವಾಟ್ಸಾಪ್ ಗುಂಪಿಗೆ ಸಾಹೇಬರೇ ಹಾಕಿದ ಫೋಟೋ ಅದು. ಮಗ್ಗದ ಪಕ್ಕ ಪೋಲೆಂಡಿನಾಕೆ, ಆಕೆಯ ಪಕ್ಕ ಸಾಹೇಬರು, ಅವರ ಕೈಯಲ್ಲಿ ಮಂಡಕ್ಕಿಯ ಗಿರಮಿಟ್ ತುಂಬಿದ ತಾಟು. ಕೆಳಗೆ ದಿನಾಂಕ, ವೇಳೆ: ಆಕೆ ಠಾಣೆಯಲ್ಲಿ ಕಾಯುತ್ತಿದ್ದ ಹೊತ್ತೇ.

"ಮನಿಗೆ ಬಂದವರನ್ನ ಬರೇ ಹೊಟ್ಟೀಲೆ ಕಳಸಬಾರದಂತ ನಮ್ಮ ನೆಗೆಣ್ಣಿ ಎರಡು ಸಲ ಬಡಿಸ್ಯಾಳಂತ್ರಿ. ನಾ ತಿಳಿಸೋದಕ್ಕಿಂತ ಮೊದಲ ನೀವು ಖುದ್ದು ಬಂದು ನೋಡಿ ಹೋದ್ರಿ. ಈ ಉಪಕಾರ ಮರೆಯಂಗಿಲ್ರಿ."

ಪೇದೆಗಳು ನಗು ನುಂಗಿಕೊಂಡು ಗೋಡೆ ನೋಡಿದರು. ಸಾಹೇಬರು ಅತಿಥಿಯ ವಿವರದ ಕಾಗದವನ್ನು ಎಳೆದುಕೊಂಡು ಮುದ್ರೆ ಒತ್ತಿದರು. ಅತಿಥಿ ಊರಲ್ಲೇ ಉಳಿದಳು.

ಗುರುಸಿದ್ದವ್ವ ಕಾಗದವನ್ನು ಕಣ್ಣಿಗೊತ್ತಿಕೊಂಡಳು. "ಭಾಳ ಉಪಕಾರ ಆತ್ರಿ. ಇನ್ನೊಮ್ಮೆ ಗಿರಮಿಟ್ ತಿನ್ನಾಕ ಬರ್ರಿ. ಆದ್ರ ನಾ ಠಾಣೆಗೆ ಬರೋ ಹೊತ್ತು ಬಿಟ್ಟು ಬರ್ರಿ."