ಹಿರಿಯಳ ಒಪ್ಪಿಗೆ

"ಗುರುಗಳೇ, ಹದಿನಾಲ್ಕು ವರ್ಷದಿಂದ ಕೋಡ್ ಬರೆಯುತ್ತಿದ್ದೇನೆ. ನನ್ನನ್ನು ಕೇಳದೆ ನನ್ನ ತಂಡದವರು ಒಂದು ಸಾಲನ್ನೂ ಸೇರಿಸುವುದಿಲ್ಲ. ಆದರೂ ಮೇಲಿನ ಹುದ್ದೆ ನನಗೆ ಸಿಗುತ್ತಿಲ್ಲ. ಇನ್ನೇನು ಕಲಿಯಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಲವತ್ತು ವರ್ಷ ಸಾಫ್ಟ್‌ವೇರ್ ಕಟ್ಟಿ, ಈಗ ಕಟ್ಟುವವರಿಗೆ ಬುದ್ಧಿ ಹೇಳುವವರು. ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಆಂಬುಲೆನ್ಸ್‌ಗಳಿಗೆ ದಾರಿ ತೋರಿಸುವ ಸಾಫ್ಟ್‌ವೇರ್ ಕಂಪನಿ ಇತ್ತು. ಅಲ್ಲಿ ಹಿರಿಯ ಇಂಜಿನಿಯರ್ ಒಬ್ಬಳಿದ್ದಳು. ಯಾರೇ ಕೋಡ್ ಬದಲಿಸಿದರೂ ಅವಳು ಓದಿ ಒಪ್ಪಿದ ಮೇಲೆಯೇ ಅದು ಜಾರಿಗೆ ಬರಬೇಕು. ಅದು ಅಲ್ಲಿಯ ಕಟ್ಟಳೆ. ತಪ್ಪು ಕಂಡರೆ ವಿವರಿಸುವ ಗೋಜಿಗೆ ಹೋಗದೆ ತಾನೇ ತಿದ್ದಿಬಿಡುತ್ತಿದ್ದಳು. ಕೆಲಸ ಬೇಗ ಆಗುತ್ತಿತ್ತು. ಎಲ್ಲರೂ ಹೊಗಳುತ್ತಿದ್ದರು; ಹೊಗಳಿಕೆ ಯಾರಿಗೆ ಬೇಡ? ಖಾಲಿಯಿದ್ದ ಮುಖ್ಯ ಇಂಜಿನಿಯರ್ ಹುದ್ದೆ ತನಗೇ ಎಂದು ಅವಳು ನಂಬಿದ್ದಳು.

ಅಕ್ಕನ ಮಗಳ ಮದುವೆಗೆಂದು ಎರಡು ದಿನ ರಜೆ ಹಾಕಿದಳು. ಮೊದಲ ದಿನ ಬೆಳಿಗ್ಗೆಯೇ ಊರಿನ ಸೇತುವೆಯನ್ನು ದುರಸ್ತಿಗೆ ಮುಚ್ಚಿದರು. ತಂಡದವನೊಬ್ಬ ಬೇರೆ ದಾರಿ ತೋರಿಸುವಂತೆ ಅರ್ಧ ಗಂಟೆಯಲ್ಲಿ ಕೋಡ್ ತಿದ್ದಿ ಇಟ್ಟ. ಸರಿಯಾಗಿಯೇ ತಿದ್ದಿದ್ದ. ಆದರೆ ಅವಳ ಒಪ್ಪಿಗೆಯಿಲ್ಲದೆ ಅದನ್ನು ಜಾರಿಗೆ ತರಲು ಯಾರಿಗೂ ಧೈರ್ಯ ಬರಲಿಲ್ಲ. ಮದುವೆ ಮನೆಯ ಗದ್ದಲದಲ್ಲಿ ಅವಳಿಗೆ ಫೋನು ಕೇಳಲಿಲ್ಲ. ಸಂಜೆಯವರೆಗೂ ಆಂಬುಲೆನ್ಸ್‌ಗಳು ಮುಚ್ಚಿದ ಸೇತುವೆಯ ತನಕ ಹೋಗಿ ಹಿಂದಿರುಗಿದವು. ಒಬ್ಬ ಗರ್ಭಿಣಿ ಗಾಡಿಯಲ್ಲೇ ಹೆತ್ತಳು. ತಾಯಿ, ಮಗು ಉಳಿದದ್ದು ಅವರ ಪುಣ್ಯ.

ಹಿಂದಿರುಗಿದವಳು ಯಾರನ್ನೂ ಬೈಯಲಿಲ್ಲ. ಅವಳ ದೊಡ್ಡತನ ಇಲ್ಲಿದೆ ನೋಡು. 'ಇವರನ್ನು ಹೀಗೆ ಅಂಜುವಂತೆ ಮಾಡಿದವಳು ನಾನು' ಎಂದು ಎಲ್ಲರೆದುರು ಹೇಳಿದಳು. ಅಂದಿನಿಂದ ತಾನೇ ತಿದ್ದುವುದನ್ನು ಬಿಟ್ಟಳು. ತಪ್ಪು ಕಂಡ ಕಡೆ ಒಂದು ಪ್ರಶ್ನೆ ಬರೆದು, ಉತ್ತರ ಬರುವವರೆಗೆ ಕಾದಳು. ಆಮೇಲೆ ಒಪ್ಪಿಗೆ ಕೊಡುವ ಅಧಿಕಾರವನ್ನೂ ತಂಡಕ್ಕೆಲ್ಲ ಹಂಚಿದಳು. ತಾನು ಬರೆದದ್ದಕ್ಕೂ ಅವರ ಒಪ್ಪಿಗೆ ಬೇಕೆಂದಳು. ಕೆಲಸ ನಿಧಾನವಾಯಿತು. 'ವಯಸ್ಸಾಯಿತು, ಮೊದಲಿನ ಹಾಗೆ ಕೈ ಓಡುತ್ತಿಲ್ಲ' ಎಂದು ಜನ ಆಡಿಕೊಂಡರು. ಆ ವರ್ಷ ಹುದ್ದೆಯನ್ನು ಖಾಲಿಯೇ ಬಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳು ಅತ್ತಳು, ಆದರೆ ಹಿಡಿದ ದಾರಿ ಬಿಡಲಿಲ್ಲ.

ಒಂದೂವರೆ ವರ್ಷ ಕಳೆಯಿತು. ಸಭೆಗಳಲ್ಲಿ ಬಾಯೇ ಬಿಡದ ತಂಡದ ಒಬ್ಬಾತ ಅವಳ ಕೋಡನ್ನು ಹಿಂದಕ್ಕೆ ಕಳಿಸಿದ. ಎರಡು ಕರೆಗಳು ಒಟ್ಟಿಗೆ ಬಂದರೆ ಅದು ಒಂದೇ ಗಾಡಿಯನ್ನು ಎರಡೂ ಕಡೆಗೆ ಕಳಿಸುತ್ತದೆ, ಒಪ್ಪಲಾರೆ ಎಂದು ಬರೆದಿದ್ದ. ಅವಳು ಮತ್ತೆ ಮತ್ತೆ ಓದಿದಳು. ಅವನ ಮಾತು ನಿಜವಾಗಿತ್ತು. ನೇರವಾಗಿ ಕಂಪನಿಯ ಯಜಮಾನರ ಬಳಿ ಹೋಗಿ ನಡೆದದ್ದನ್ನು ಹೇಳಿ, 'ಈಗ ಆ ಹುದ್ದೆ ಕೊಡಿ' ಎಂದಳು.

'ತಪ್ಪು ಮಾಡಿದ ದಿನವೇ ಬಂದು ಕೇಳುತ್ತೀರಲ್ಲಮ್ಮ?' ಎಂದರು ಯಜಮಾನರು.

'ತಪ್ಪು ಇಷ್ಟು ವರ್ಷವೂ ಮಾಡಿದ್ದೇನೆ ಸರ್. ಹಿಡಿಯುವವರು ಇವತ್ತು ಸಿಕ್ಕರು.'

ಯಜಮಾನರು ಎದ್ದು ನಿಂತು ಕೈ ಮುಗಿದರು. ಹುದ್ದೆ ಅವಳದಾಯಿತು.

ಕತೆ ಮುಗಿಸಿ ಗುರುಗಳು ಶಿಷ್ಯನ ಮುಖ ನೋಡಿದರು. ಅವನು ತಲೆದೂಗುತ್ತಿದ್ದ.

"ನಿನ್ನ ಕೋಡನ್ನು ಕಡೆಯ ಸಲ ಹಿಂದಕ್ಕೆ ಕಳಿಸಿದವರು ಯಾರಪ್ಪ?" ಎಂದು ಗುರುಗಳು ಕೇಳಿದರು.