ಗುದ್ದಲಿಯ ಮೈಮೇಲಿನ ಮಣ್ಣು

ಸುಗ್ಗಿ ಮುಗಿದ ಮೇಲೆ ಸಣ್ಣೀರಮ್ಮ ಕೊಟ್ಟಿಗೆಯ ಮುಂದೆ ಕೂತು, ಹೊಲದ ಸಾಮಾನುಗಳನ್ನೆಲ್ಲ ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಹರಳೆಣ್ಣೆ ಸವರುತ್ತಿದ್ದಳು. ಗುದ್ದಲಿ ಮಾತ್ರ ಮೆಲ್ಲಗೆ ಹುಲ್ಲಿನ ಬಣವೆಯ ಹಿಂದಕ್ಕೆ ಜಾರಿಕೊಂಡಿತು. ಕಾಲುವೆ ತೋಡಿದಾಗ ಹತ್ತಿದ ಕೆಸರು ಅದರ ಅಲಗಿಗೆ ಇನ್ನೂ ಮೆತ್ತಿಕೊಂಡಿತ್ತು.

“ನೀನೂ ಬಾ ಅಣ್ಣ, ಅಮ್ಮ ತೊಳೆದುಕೊಡುತ್ತಾಳೆ,” ಎಂದು ಕುಡುಗೋಲು ಕರೆಯಿತು.

“ಇದೇನು ಕೊಳೆಯೇ? ಇದು ನನ್ನ ದುಡಿಮೆಯ ಗುರುತು. ಇದನ್ನು ತೊಳೆದರೆ ನಾನು ದುಡಿದೆನೆಂದು ಯಾರು ನಂಬುತ್ತಾರೆ? ಎಣ್ಣೆ ಹಚ್ಚಿಸಿಕೊಂಡು ಮಿನುಗುವ ಚಪಲ ನಿನಗಿರಲಿ!”

ಕುಡುಗೋಲು ಮುಖ ಸಣ್ಣದು ಮಾಡಿಕೊಂಡಿತು. ಸಣ್ಣೀರಮ್ಮ ಅದಕ್ಕೆ ಬಟ್ಟೆ ಸುತ್ತಿ ಸೂರಿಗೆ ಸಿಕ್ಕಿಸಿದಳು.

ಮುಂಗಾರು ಬಿದ್ದ ಮರುದಿನ ಅವಳು ಗುದ್ದಲಿಯನ್ನು ಹುಡುಕಿ ತೆಗೆದು ಕಲ್ಲಿಗೆ ಕುಟ್ಟಿದಳು. ಒಣಗಿದ ಮಣ್ಣು ಉದುರಿತು. ಅದರ ಹಿಂದೆಯೇ ಕೆಂಪು ತುಕ್ಕು ಉದುರಿತು. ಕೊನೆಗೆ ಅಲಗಿನ ಅಂಚೇ ಹಪ್ಪಳದ ಹಾಗೆ ಮುರಿದು ಬಿತ್ತು.

“ಅಯ್ಯೋ, ಇಷ್ಟು ದುಡಿದವನನ್ನು ನಾನೇ ಮರೆತುಬಿಟ್ಟೆನಲ್ಲ!” ಎಂದು ಸಣ್ಣೀರಮ್ಮ ತನ್ನನ್ನೇ ಬೈದುಕೊಂಡಳು.

ಅವಳು ಗುದ್ದಲಿಯನ್ನು ಬೈದಿದ್ದರೆ ಅದು ಹೇಗೋ ತಾಳಿಕೊಳ್ಳುತ್ತಿತ್ತು. ಅಡಗಿಕೊಂಡವನು ನಾನೇ ಎನ್ನಲು ಅದಕ್ಕೆ ಬಾಯಿ ಬರಲಿಲ್ಲ.

ಹುಲ್ಲು ಕೊಯ್ಯಲೆಂದು ಸೂರಿನಿಂದ ಇಳಿದಿದ್ದ ಕುಡುಗೋಲು ಪಕ್ಕದಲ್ಲೇ ಇತ್ತು. “ನೀನು ದುಡಿದದ್ದು ನಮಗೆಲ್ಲ ಗೊತ್ತೇ ಇತ್ತಲ್ಲಣ್ಣ,” ಎಂದಿತು.

ಗುದ್ದಲಿ ಅದರ ಕಡೆ ನೋಡಲಾರದೆ, ಉದುರಿದ ಮಣ್ಣನ್ನೇ ನೋಡುತ್ತ ಹೇಳಿತು: “ತಂಗೀ, ಅದನ್ನು ಇನ್ನೊಮ್ಮೆ ನನ್ನ ಮೈಗೆ ಮೆತ್ತಿಬಿಡು. ನಾನು ಯಾರಿಗೂ ಕಾಣಿಸುವುದು ಬೇಡ.”