ಮರ್ಯಾದೆ ಕಲ್ಲು

ಹೊಯ್ಗೆಕೊಡ್ಲಿನ ಅಳಿವೆಯ ಬಾಯಲ್ಲಿ, ನಮ್ಮ ಹೊಳೆ ಸಮುದ್ರಕ್ಕೆ ಸೇರುವಲ್ಲಿ, ತೆಂಕು ಬದಿಗೆ ಒಂದು ಕರಿಯ ಬಂಡೆ ಇದೆ. ಭರತದ ಹೊತ್ತಿಗೆ ಅದರ ನೆತ್ತಿ ಮಾತ್ರ ಕಾಣುತ್ತದೆ. ಇಳಿತವಾದರೆ ಒಂದೂವರೆ ಆಳೆತ್ತರ ಎದ್ದು ನಿಲ್ಲುತ್ತದೆ. ಅದರ ಹೆಸರು ಮರ್ಯಾದೆ ಕಲ್ಲು. ಈಗೀಗ ಕಾರು ಮಾಡಿಕೊಂಡು ಬರುವವರು ಹೆಸರು ಕೇಳಿದ ಕೂಡಲೇ ತಮ್ಮಷ್ಟಕ್ಕೆ ಒಂದು ಕತೆ ಕಟ್ಟಿಕೊಳ್ಳುತ್ತಾರೆ. ಯಾವನೋ ಅರಸ ಇಲ್ಲಿ ಹಡಗಿನಿಂದ ಇಳಿದನಂತೆ, ಊರವರು ಅವನಿಗೆ ಮರ್ಯಾದೆ ಮಾಡಿ ಕರೆದುಕೊಂಡರಂತೆ. ಕೆಲವರು ಚಪ್ಪಲಿ ಬಿಚ್ಚಿಟ್ಟು ಕೈ ಮುಗಿಯುವುದೂ ಉಂಟು. ಅರಸನೂ ಇಲ್ಲ, ಮಣ್ಣೂ ಇಲ್ಲ. ಊರವರು ಬಾಯಿ ಬಿಡುವುದಿಲ್ಲ, ಯಾಕೆಂದರೆ ಹೇಳಿದರೆ ಹೋಗುವುದು ನಮ್ಮದೇ ಮಾನ. ನನಗೆ ಎಂಬತ್ತೊಂದಾಯಿತು. ನಾನು ಬಡಮನೆಯವನು, ಅಂದರೆ ಹೊಳೆಯ ಬಡಗು ದಡದ ಮನೆಯವನು. ಈ ಕತೆಯಲ್ಲಿ ನಾಚಿಕೆಗೆಟ್ಟ ಮನೆ ಎರಡು, ಅದರಲ್ಲಿ ಒಂದು ನಮ್ಮದು. ನನ್ನ ಅಜ್ಜಿ ಹೇಳಿದ್ದನ್ನು ಒಂದಕ್ಷರ ನಯಮಾಡದೆ ಹೇಳುತ್ತೇನೆ.

ಹಿಂದೆ ಒಮ್ಮೆ, ಕುಂಪಣಿ ಸರಕಾರಕ್ಕಿಂತಲೂ ಮೊದಲು ಎನ್ನುತ್ತಾರೆ, ಕುಂದಾಪುರದಿಂದ ತೆಂಕಿಗೆ ಕಡಲಂಚಿನ ಒಂದು ಮೊಗವೀರರ ಕೇರಿಯನ್ನು ಸಮುದ್ರ ಮೂರು ಮಳೆಗಾಲದಲ್ಲಿ ತಿಂದುಹಾಕಿತು. ಮನೆ ಹೋಯಿತು, ತೆಂಗು ಹೋಯಿತು, ಬಾವಿಗೆ ಉಪ್ಪು ನುಗ್ಗಿತು. ಉಳಿದ ಮೂವತ್ತನಾಲ್ಕು ಜನರಿಗೆ ಬಡಗಿನ ದೂರದ ಒಂದು ಬಂದರಿನವರು ‘ಬನ್ನಿ, ನೆಲ ಕೊಡುತ್ತೇವೆ, ನಿಮ್ಮ ಬಲೆ ತನ್ನಿ’ ಎಂದು ಹೇಳಿಕಳಿಸಿದ್ದರು. ಮುದುಕರು, ಬಾಣಂತಿಯರು, ಬಲೆ, ಮರಮುಟ್ಟು ಎಲ್ಲವನ್ನೂ ಹೊತ್ತು ಅಷ್ಟು ಹೊಳೆ ದಾಟಿ ನಡೆಯುವುದು ಆಗದ ಮಾತು. ಇದ್ದದ್ದು ಒಂದು ಹಳೆಯ ಮಂಜಿ, ಅಂದರೆ ಸರಕು ಸಾಗಿಸುವ ಹಾಯಿಹಡಗು. ಅದರ ತಾಂಡೇಲ ದುಗ್ಗ. ಚುಕ್ಕಾಣಿ ಹಿಡಿದರೆ ನೀರೇ ದಾರಿ ಬಿಡಬೇಕು ಎಂಬಂಥ ಆಳು, ಆದರೆ ಒಂದು ಹಗಲಿನ ದಾರಿಯಾಚೆಗಿನ ಕಡಲನ್ನು ಅವನೂ ಕಂಡವನಲ್ಲ. ಅವನ ಹೆಂಡತಿ ಅಕ್ಕು, ಮಡಿಲಲ್ಲಿ ಹಾಲು ಕುಡಿಯುವ ಗಂಡುಮಗು. ಅವಳ ಅಪ್ಪನನ್ನು ನುಂಗಿದ್ದು ಕತ್ತಲೆಯಲ್ಲಿ ಕಾಣದೆ ಹೋದ ಒಂದು ಬಂಡೆ. ಅವಳು ಗಂಡನಿಗೆ ಖಡಾಖಂಡಿತ ಹೇಳಿದಳಂತೆ: “ಇರುಳು ಕಡಲಂಗೆ ನಾ ಇಪ್ಪುದಿಲ್ಲ. ದಿನಾ ಬೈಗಿಗೆ ಎಲ್ಲಿ ನಿಲ್ಲುದು ಅಂದೇಳಿ ನೀವೇ ಕಣ್ಣಾರೆ ಕಂಡ್ಕಂಡ್ ಬನ್ನಿ. ಆಮೇಲೆ ನಾ ಹತ್ತುದು.”

ದುಗ್ಗ ಅವಳ ಮಾತನ್ನು ಹೆಂಗಸಿನ ಅಂಜಿಕೆ ಎಂದು ತಳ್ಳಿಹಾಕಲಿಲ್ಲ. ಮಂಜಿ ದಡದಲ್ಲಿ ತೆಂಗಿನ ಮಡಲು ಹೊದೆಸಿದ ಮಾಡಿನಡಿ ಇದ್ದ ಶ್ರಾವಣದಲ್ಲಿ, ಹೆಗಲಿಗೆ ಒಂದು ಚೀಲ ತೆಂಗಿನಕಾಯಿ ಹಾಕಿಕೊಂಡು, ಕಡಲ ದಾರಿಯನ್ನು ಕಾಲಿನಲ್ಲಿ ನಡೆದು ನೋಡಲು ಹೊರಟ. ಬೆಳಗಿನ ನೆಲಗಾಳಿ ಹಿಡಿದು ಹೊರಟು, ಮಧ್ಯಾಹ್ನದ ಕಡಲಗಾಳಿಯಲ್ಲಿ ಸಾಗಿದರೆ ಭಾರ ಹೇರಿದ ಹಳೆಯ ಮಂಜಿ ಹೊತ್ತು ಮುಳುಗುವುದರೊಳಗೆ ಎಷ್ಟು ದೂರ ಹೋದೀತು ಎಂದು ಮನಸ್ಸಿನಲ್ಲೇ ಅಳೆದು, ಆ ಅಳತೆಗೆ ಸಿಗುವ ಪ್ರತಿ ಅಳಿವೆಯಲ್ಲೂ ನಿಂತ. ಸಿಹಿನೀರು ಎಲ್ಲಿದೆ, ಲಂಗರು ಕಚ್ಚುವುದು ಕೆಸರಿಗೋ ಮರಳಿಗೋ, ಯಾವ ಗಾಳಿಗೆ ಮರೆ, ಯಾವ ಗಾಳಿಗೆ ಬಯಲು, ನೀರೊಳಗೆ ಕಲ್ಲು ಎಲ್ಲೆಲ್ಲಿ. ಕುತ್ತಿಗೆ ಮಟ್ಟ ನೀರಿಗಿಳಿದು ಕಾಲಿನಿಂದ ತಡಕಿ ನೋಡಿದ. ಗಂಡಸರನ್ನು ಕೇಳಿದರೆ ಜಂಬ ಕೊಚ್ಚುತ್ತಾರೆಂದು ಬಳಚು ಹೆಕ್ಕುವ ಹೆಂಗಸರನ್ನು ಕೇಳಿದ. ದಿನಾ ಇಳಿತಕ್ಕೆ ಮರಳು ಕೆದಕಿ ಚಿಪ್ಪು ಆರಿಸುವವರಿಗೆ ಮರಳಿನ ಗುಣ ಗೊತ್ತಿರುತ್ತದೆ. ಎಲ್ಲ ಆದ ಮೇಲೆ ಊರಿನ ಹಿರಿಯನ ಕೈಗೆ ಒಂದು ಕಾಯಿ ಕೊಡುವುದು. ಆಗಿನ ಕಾಲದ ಕಟ್ಟಳೆ ಅದು: ಹಿರಿಯ ಆ ಕಾಯಿ ಒಡೆದು ಒಂದು ಹೋಳು ಇಟ್ಟುಕೊಂಡು ಇನ್ನೊಂದನ್ನು ಹಿಂದಕ್ಕೆ ಕೊಟ್ಟನೆಂದರೆ, ಬಂದ ಹಡಗಿಗೆ ಒಂದಿರುಳಿನ ಕಾವಲು ಊರಿನದು. ಹಾಗೆ ಏಳು ತಂಗು ಗೊತ್ತುಮಾಡಿದ. ಐದನೆಯದು ನಮ್ಮ ಹೊಯ್ಗೆಕೊಡ್ಲು. ನಾಲ್ಕನೆಯ ತಂಗಿನಿಂದ ಆರನೆಯದಕ್ಕೆ ಒಂದೇ ಹಗಲಲ್ಲಿ ಹೋಗಲಾಗದು, ನಡುವೆ ಮರೆ ಕೊಡುವ ಅಳಿವೆ ನಮ್ಮದೊಂದೇ.

ನಮ್ಮಲ್ಲಿ ಆಗ ಸೋಮಿ ಎಂಬ ಬಳಚಿನ ಮುದುಕಿ ಇದ್ದಳು. ಅವಳು ದುಗ್ಗನಿಗೆ ಕಲ್ಲಿನ ಬಡಗು ಮಗ್ಗುಲಿನ ದಾರಿ ತೋರಿಸಿ, “ತಮ್ಮಾ, ಈಗಿನ ದಾರಿ ಈಗಿಗೆ ಮಾತ್ರ. ಮಳೆ ಬಿಡೂ ಹೊತ್ತಿಗೆ ಹೊಯ್ಗೆ ಮಗ್ಗಲು ಬದಲಿಸ್ತದೆ. ನೀ ಬರೂ ದಿವ್ಸ ಇಲ್ಲಿಯವ್ರು ಒಬ್ರು ದೋಣಿ ತಕಂಡು ಮುಂದೆ ಬರೂಕೇ ಬೇಕು” ಎಂದಳು. ಹೊಯ್ಗೆ ಎಂದರೆ ಮರಳು. ಅವನು ಆ ಮಾತನ್ನೂ ಗಂಟು ಕಟ್ಟಿಕೊಂಡ. ಊರಿನಲ್ಲಿ ದೋಣಿ ಇದ್ದದ್ದು ಎರಡೇ ಮನೆಗೆ, ನಮ್ಮ ಬಡಮನೆಗೆ ಮತ್ತು ಹೊಳೆಯ ಆಚೆ ಬದಿಯ ತೆಂಕಮನೆಗೆ. ತೆಂಕಮನೆಯ ಯಜಮಾನ ಜಟ್ಟಪ್ಪ ಆ ದಿನ ಹೆಂಡತಿಯ ತವರಿಗೆ ಹೋಗಿದ್ದ. ಹಾಗಾಗಿ ದುಗ್ಗ ಕಾಯಿ ಕೊಟ್ಟದ್ದು ನಮ್ಮ ಮನೆಯ ಯಜಮಾನ ಹಮ್ಮಣ್ಣನಿಗೆ. ಹಮ್ಮಣ್ಣ ಕಾಯಿ ಒಡೆದ, ಹೋಳು ಕೊಟ್ಟ, “ಕಾರ್ತಿಕದ ಹುಣ್ಣಿಮೆ ಕಳೆದ ಐದನೇ ದಿನ ಬಾ, ಮಧ್ಯಾಹ್ನದ ಮೇಲೆ ನೀರು ತುಂಬಿರ್ತದೆ. ಕಂಬಕ್ಕೆ ಕೆಂಪು ಬಟ್ಟೆ ಏರಿಸು, ನನ್ನ ದೋಣಿ ಬರ್ತದೆ” ಎಂದ. ದುಗ್ಗ ಅವನ ಕಾಲು ಮುಟ್ಟಿ ಹೋದ. ಊರಿಗೆ ಮರಳಿದವನು ಆ ಏಳು ತಂಗುಗಳನ್ನು ದಿನಾ ಸಂಜೆ ಹೆಂಡತಿಯೆದುರು ಪಾಠದಂತೆ ಒಪ್ಪಿಸುತ್ತಿದ್ದನಂತೆ, ಅವಳ ಹೆದರಿಕೆ ಬಿಡಿಸಲು. ಕೇಳಿ ಕೇಳಿ ಅವಳಿಗೂ ಬಾಯಿಪಾಠವಾಯಿತು.

ಎಂಟು ದಿನ ಕಳೆದು ಜಟ್ಟಪ್ಪ ಊರಿಗೆ ಬಂದ. ಕಾಯಿ ಬಡಮನೆಗೆ ಹೋಯಿತೇ! ಅಳಿವೆಯ ಮೊದಲ ವೀಳ್ಯ ಅಜ್ಜನ ಕಾಲದಿಂದ ತೆಂಕಮನೆಯದು, ಮುಂದೆ ಹೋಗುವ ದೋಣಿಯೂ ತೆಂಕಮನೆಯದು, ಹಮ್ಮಣ್ಣ ಯಾವ ಸೀಮೆಯ ದೊಣ್ಣೆನಾಯಕ ಎಂದು ಕೂಗಾಡಿದ. ಹಮ್ಮಣ್ಣನೇನು ಕಡಿಮೆಯೇ? ಮೂರು ಸಲ ಗುಡಿಯ ಮುಂದೆ ಕೂಟ ಸೇರಿತು. ಎರಡೂ ಮನೆಯಲ್ಲಿ ಮಳೆಗಾಲಕ್ಕೆ ಗಂಜಿಯೇ ಗತಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ನಮ್ಮಂಥವರನ್ನು ನೋಡಿಯೇ ಹುಟ್ಟಿದ ಗಾದೆಯಿರಬೇಕು. ಕಡೆಗೆ ಹಿರಿಯರು ‘ಎರಡು ದೋಣಿಯೂ ಹೋಗಲಿ’ ಎಂದರು. ಸರಿ, ಆದರೆ ಯಾವುದು ಮುಂದೆ, ಯಾವುದು ಹಿಂದೆ? ಅಳಿವೆಯ ದಾರಿ ಒಂದೇ ದೋಣಿಯಷ್ಟು ಅಗಲ. ‘ಆ ದಿನ ಬಂದಾಗ ನೋಡೋಣ’ ಎಂದು ಎದ್ದುಹೋದರು. ಎಲ್ಲ ಹಾಳಾಗುವುದು ಈ ಒಂದು ಮಾತಿನಿಂದ.

ದುಗ್ಗ ಹೇಳಿದ ದಿನಕ್ಕೇ ಬಂದ. ನಾಲ್ಕು ತಂಗು ಅವನು ಎಣಿಸಿದ ಹಾಗೆಯೇ ನಡೆದಿತ್ತು. ನಾಲ್ಕು ಊರಿನವರೂ ನೀರು ಕೊಟ್ಟರು, ಗಂಜಿ ಕೊಟ್ಟರು, ಬೆಳಗ್ಗೆ ಕೈ ಬೀಸಿ ಕಳಿಸಿದರು. ಆ ದಿನ ಮಾತ್ರ ಗಾಳಿ ಸ್ವಲ್ಪ ಸೋಮಾರಿಯಾಗಿ, ಮಂಜಿ ಅಳಿವೆಯ ಹೊರಗೆ ಕಂಡಾಗ ಭರತ ತುಂಬಿ ನಿಂತಿತ್ತು, ಇನ್ನು ಇಳಿಯಬೇಕು. ಕೆಂಪು ಬಟ್ಟೆ ಏರಿತು. ಊರಿಗೆ ಊರೇ ದಡಕ್ಕೆ ಓಡಿತು. ಎರಡೂ ದೋಣಿ ನೀರಿಗೆ ಬಿದ್ದವು, ಬಿದ್ದಲ್ಲೇ ನಿಂತವು. ತೆಂಕಮನೆಯವರು ನಮ್ಮ ದೋಣಿಯ ಹಿಂಗಡೆ ಹಿಡಿದು ಎಳೆದರು, ನಮ್ಮವರು ಅವರ ಹುಟ್ಟು ಕಸಿದರು. ವೀಳ್ಯದ ಹರಿವಾಣವನ್ನು ಒಬ್ಬರ ಕೈಯಿಂದ ಒಬ್ಬರು ಕಿತ್ತು ಎಲೆಯಡಿಕೆ ಮರಳಿನ ಪಾಲಾಯಿತು. ಹೊರಗೆ ಮಂಜಿ ಹಾಯಿ ಅರ್ಧ ಇಳಿಸಿ ಕಾಯುತ್ತಿತ್ತು. ಅಲ್ಲಿ ತಳ ಬರೀ ಕಲ್ಲು, ಲಂಗರು ಕಚ್ಚುವುದಿಲ್ಲ. ಹಡಗಿನ ಅಂಚಿನಲ್ಲಿ ಹೆಂಗಸರು ಖಾಲಿ ಕೊಡಪಾನ ಎತ್ತಿ ತೋರಿಸುತ್ತಿದ್ದರಂತೆ, ಮಕ್ಕಳಿಗೆ ನೀರಿಲ್ಲ ಎಂದು. ನಮ್ಮವರಿಗೆ ಅದೆಲ್ಲ ಕಂಡಿತು. ಕಂಡೂ ಹಿಡಿದ ದೋಣಿ ಬಿಡಲಿಲ್ಲ. ಥೂ!

ಸೋಮಿ ಮುದುಕಿ ಎದೆ ಬಡಿದುಕೊಂಡು ಇಬ್ಬರ ನಡುವೆ ನುಗ್ಗಿದಳು. “ಒಡ್ಯಾ, ನೀರು ತಿರುಗ್ತು! ಬಡಗಿನ ದಾರಿ ಮುಚ್ಚಿಹೋಯ್ದು, ಅವಂಗೆ ಗೊತ್ತಿಲ್ಲ. ಯಾರಾರೂ ಹೋಗಿ. ನಿಮಗೆ ಆಗೂದಿಲ್ದಿದ್ರೆ ನನ್ನೇ ದೋಣಿ ಮುಂದೆ ಕೂರ್ಸಿ ಕಳ್ಸಿ, ನಾ ತೋರಿಸ್ತೆ” ಎಂದು ಅತ್ತಳು. ಹಮ್ಮಣ್ಣ ಜಟ್ಟಪ್ಪನ ಮುಖ ನೋಡಿದ, ಜಟ್ಟಪ್ಪ ಹಮ್ಮಣ್ಣನ ಮುಖ ನೋಡಿದ. “ಬಳಚು ಹೆಕ್ಕೂ ಹೆಂಗ್ಸು ಮುಂದೆ ಕೂತ್ರೆ ಎರಡೂ ಮನೆ ಮರ್ಯಾದೆ ಹೋಗ್ತದೆ” ಎಂದ ಹಮ್ಮಣ್ಣ. “ಅದು ಸರಿ” ಎಂದ ಜಟ್ಟಪ್ಪ. ಆ ಸಂಜೆ ಎರಡೂ ಮನೆಯವರು ಒಪ್ಪಿದ ಮಾತು ಇದೊಂದೇ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಸೋಮಿಯನ್ನು ಪಕ್ಕಕ್ಕೆ ನೂಕಿ ಮತ್ತೆ ದೋಣಿ ಎಳೆದಾಡಿದರು.

ಹೊತ್ತು ಕಡಲಿಗೆ ಒಂದು ಮಾರು ಉಳಿದಾಗ ದುಗ್ಗ ಇನ್ನು ಕಾಯಲಾರದೆ ಹಾಯಿ ಏರಿಸಿದ. ಹೊರಗೆ ಉಳಿದರೆ ಕತ್ತಲೆಯಲ್ಲಿ ಮೂವತ್ತನಾಲ್ಕು ಜನರನ್ನು ಕಲ್ಲಿನ ಮೇಲೆ ಕಳೆದುಕೊಳ್ಳಬೇಕು. ಹೆಂಡತಿಗೆ ಕೊಟ್ಟ ಮಾತು ಬೇರೆ. ಸೋಮಿಯ ಎಚ್ಚರಿಕೆ ನೆನಪಿದ್ದರೂ ಬೇರೆ ದಾರಿ ಗೊತ್ತಿಲ್ಲದೆ, ತಾನು ಶ್ರಾವಣದಲ್ಲಿ ಕಾಲಿನಿಂದ ತಡಕಿ ನೋಡಿದ ದಾರಿಯನ್ನೇ ನಂಬಿ ಕಲ್ಲಿನ ಬಡಗು ಮಗ್ಗುಲಿಗೆ ನೇರ ಬಂದ. ಸೋಮಿ ಹೇಳಿದಂತೆ ಅಲ್ಲಿ ಈಗ ದಾರಿ ಇರಲಿಲ್ಲ. ಮಂಜಿ ಮರಳಿಗೆ ಕೂತಿತು. ಒಳಗಿಂದ ಇಳಿಯುವ ಹೊಳೆನೀರು, ಹೊರಗಿಂದ ಏರಿಬರುವ ತೆರೆ, ಎರಡೂ ಸೇರಿ ಅದನ್ನು ಅಡ್ಡ ತಿರುಗಿಸಿ ಎತ್ತಿ ಕಲ್ಲಿಗೆ ಅಪ್ಪಳಿಸಿದವು. ಎರಡು ಕೋಣ ಕಾದಾಡಿದರೆ ಸಾಯುವುದು ನಡುವಿನ ಗಿಡ. ದಡದಿಂದ ಇನ್ನೂರು ಮಾರು ದೂರವೂ ಇರಲಿಲ್ಲ. ಆಗ, ಆಗ ಮಾತ್ರ, ಎರಡು ದೋಣಿಯೂ ಒಟ್ಟಿಗೆ ಹೊರಟವು, ಯಾರು ಮುಂದೆ ಯಾರು ಹಿಂದೆ ಎಂದು ನೋಡದೆ. ಜೀವಂತ ಸಿಕ್ಕಿದವರು ಹದಿಮೂರು ಜನ. ಅಕ್ಕು ಸಿಕ್ಕಿದಳು. ಮಗು ಅವಳ ತೋಳಲ್ಲೇ ಇತ್ತು, ಉಸಿರು ಇರಲಿಲ್ಲ. ದುಗ್ಗ ಕಡೆಗೂ ಸಿಗಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನಮಗೆ ಕೆಟ್ಟ ಮೇಲೂ ಬರಲಿಲ್ಲ. ಬೆಳಗಾಗುವಾಗ ತೆರೆ ಹೆಣಗಳನ್ನು ದಡಕ್ಕೆ ತಂದು ಹಾಕಿತ್ತು. ಊರವರು ಚಟ್ಟ ಕಟ್ಟಿದರು, ಬಿಳಿಬಟ್ಟೆ ತಂದರು. ಆಗ ಜಟ್ಟಪ್ಪ, ಅಳಿವೆಗೆ ಬಂದವರ ಮೊದಲ ಹೆಗಲು ತೆಂಕಮನೆಯದು ಎಂದ. ಕಾಯಿ ಒಡೆದವನು ನಾನು, ನಾನಿರುವಾಗ ನೀನು ಹೇಗೆ ಎತ್ತುತ್ತೀ ಎಂದ ಹಮ್ಮಣ್ಣ. ಹೆಣದ ಮೇಲೆ ನಿಂತು ಜಗಳ! ಅಕ್ಕು ಅಲ್ಲಿಯವರೆಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವಳು ಎದ್ದು ಬಂದು ಇಬ್ಬರೆದುರೂ ನಿಂತಳು. “ನಿಮ್ಮ ಮರ್ಯಾದಿ ಇನ್ನೂ ಮುಗೀಲಿಲ್ಯಾ? ಅಗಾ ಕಾಣಿ, ಆ ಕಲ್ಲಿನ್ ಮೇಲೆ ಬಿದ್ದಿತ್ತು. ಹೋಯಿ ಹೆಕ್ಕಣಿ” ಎಂದಳು. ಕಲ್ಲಿನ ಮೇಲೆ ಮಂಜಿಯ ಒಡೆದ ಹಲಗೆಗಳಿದ್ದವು, ಬೇರೇನೂ ಇರಲಿಲ್ಲ. ಊರವರ ಹೆಗಲು ಬೇಡವೆಂದು ಅವಳೂ ಉಳಿದವರೂ ಸೇರಿ ತಮ್ಮವರನ್ನು ತಾವೇ ಮಣ್ಣು ಮಾಡಿದರು. ಕೈ ಹಾಕಲು ಬಿಟ್ಟದ್ದು ಸೋಮಿಗೆ ಮಾತ್ರ. ನಮ್ಮ ಬಾವಿಯ ನೀರನ್ನೂ ಮುಟ್ಟದೆ ಆ ಹದಿಮೂರು ಜನ ನೆಲದ ದಾರಿಯಲ್ಲೇ ಬಡಗಿಗೆ ನಡೆದರು. ಮುಂದೆ ನಡೆದವಳು ಅಕ್ಕು. ಗಂಡ ಒಪ್ಪಿಸುತ್ತಿದ್ದ ಪಾಠದಲ್ಲಿ ಇನ್ನೆರಡು ತಂಗು ಉಳಿದಿದ್ದವು, ಅವಳಿಗೆ ದಾರಿ ಗೊತ್ತಿತ್ತು. ಆ ಎರಡು ಊರಿನವರೂ ಹಡಗಿಲ್ಲದೆ ಬಂದ ಅವರಿಗೆ ಕೊಟ್ಟ ಮಾತಿನಂತೆ ಇರುಳು ಕಾವಲು ಕೂತರಂತೆ. ಏಳರಲ್ಲಿ ಆರು ಊರು ಮಾತು ಉಳಿಸಿಕೊಂಡವು. ಕಲ್ಲಿಗೆ ಅಂದಿನಿಂದ ಅದೇ ಹೆಸರು. ನಾವು ಬದಲಿಸಲು ನೋಡಿದೆವು, ಕಡಲ ಮೇಲೆ ಹೋಗಿಬರುವವರು ಬಿಡಲಿಲ್ಲ.

ಬಾಯಾರಿಕೆಯಲ್ಲೇ ಮುಳುಗಿ ಸತ್ತವರಿಗೆಂದು ಪ್ರತಿ ಕಾರ್ತಿಕದಲ್ಲಿ ಅದೇ ದಿನ ಎರಡೂ ಮನೆಯವರು ದೋಣಿಯಲ್ಲಿ ಹೋಗಿ ಆ ಕಲ್ಲಿನ ಮೇಲೆ ಒಂದು ಕೊಡ ಸಿಹಿನೀರು ಹೊಯ್ಯುವ ಕ್ರಮ ಇದೆ. ನೋಡಲು ಜನ ಬರುತ್ತಾರೆ. ಹೋದ ವರ್ಷ ನಾನು, ಬಡಮನೆಯ ಹಿರಿಯ ಎನ್ನುವ ಹಕ್ಕಿನಿಂದ, ದಡದಲ್ಲಿ ಎಲ್ಲರೆದುರು ತೆಂಕಮನೆಯವರಿಗೆ ಕೈ ಮುಗಿದು ಹೇಳಿದೆ: “ಮಾರಾಯರೇ, ಈ ಸಲ ನೀವೇ ಮೊದಲು ಹೋಗಿ. ನಾವು ಹಿಂದೆ ಬರ್ತೇವೆ.” ನನ್ನ ಮಗನೇ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ, “ಅಪ್ಪಂಗೆ ಅರಳುಮರಳು, ಯಾರೂ ಮನಸ್ಸಿಗೆ ಹಚ್ಕಬೇಡಿ” ಎಂದ. ತೆಂಕಮನೆಯ ಗಣಪು ಅವನಿಗಿಂತ ಜೋರು: “ನೀವು ಬಿಟ್ಟುಕೊಟ್ಟದ್ದು ತಕಂಬುಕೆ ನಾವೇನು ಭಿಕ್ಷೆಗೆ ನಿಂತವ್ರಾ? ಅದು ನಮ್ಮ ಹಕ್ಕು. ಹಕ್ಕು ಅಂತ ನೀವೇ ಹೇಳಿ, ಆಮೇಲೆ ಹೋಗ್ತೇವೆ.” ಹಾಗೆ ಹೇಳಲು ನಮ್ಮವರು ಬಿಡಲಿಲ್ಲ. ಹೂವಿನ ಮಾಲೆ ಹಾಕಿದ ಎರಡು ದೋಣಿ ಮರಳಿನ ಮೇಲೆ ಅಕ್ಕಪಕ್ಕ ಇದ್ದವು, ಒಂದೂ ನೀರಿಗೆ ಇಳಿಯಲಿಲ್ಲ. ನೋಡನೋಡುತ್ತ ಭರತ ಇಳಿಯತೊಡಗಿ ಕಲ್ಲು ಒಣಗಿ ನಿಂತಿತು. ಹೊರಗಿನಿಂದ ಬಂದಿದ್ದ ಒಂದು ಸಂಸಾರ ಆ ಎರಡು ದೋಣಿಯ ನಡುವೆ ನಿಂತು ಫೋಟೋ ತೆಗೆಸಿಕೊಂಡಿತು. ಆ ಹೆಣ್ಣುಮಗಳು ಬಹಳ ವಿನಯದಿಂದ ನನ್ನ ಹತ್ತಿರ ಬಂದು, “ಎಷ್ಟು ಚೆನ್ನಾಗಿ ಸಂಪ್ರದಾಯ ಉಳಿಸಿಕೊಂಡು ಬಂದಿದ್ದೀರಿ ಅಜ್ಜಾ” ಎಂದಳು.

“ಹೌದು ಮಗಾ, ಉಳಿಸಿಕೊಂಡಿದ್ದೇವೆ” ಎಂದೆ.